ಬರೆಯದ ಸ್ವರ

ಬೀದರದ ಚೌಬಾರವನ್ನು
ಮೂವತ್ತೊಂದು ವರ್ಷ ಬಲಕ್ಕಿಟ್ಟುಕೊಂಡೇ ಸುತ್ತಿದವನು ನಾನು,
ಖಜಾನೆ ಕಚೇರಿಗೆ ಹೋಗುವಾಗಲೂ
ನಿವೃತ್ತನಾಗಿ ಹಾಲು ತರುವಾಗಲೂ.
ದೇವರೇನಲ್ಲ ಅದು, ಹಳೇ ಕಾವಲು ಗೋಪುರ.
ಆದರೂ ಪ್ರದಕ್ಷಿಣೆ ತಪ್ಪಿಸಿದವನಲ್ಲ.

ಒಂದು ದಿನ ಸಿಮೆಂಟಿನ ಲಾರಿ ಅಡ್ಡ ನಿಂತಿತ್ತು,
ಡ್ರೈವರ್ ಚಹಾಕ್ಕೆ ಹೋಗಿದ್ದ.
ಬೈದುಕೊಳ್ಳುತ್ತಲೇ ಆ ಕಡೆಯಿಂದ ಹೊರಳಿದೆ.
ಅಲ್ಲೊಂದು ಗಡಿಯಾರ ರಿಪೇರಿ ಅಂಗಡಿ.
"ಯಾವಾಗಿಂದ ಅದ ಇದು?"
ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆ
ಖಮರುದ್ದೀನ್ ಹೇಳಿದ:
"ನಮ್ಮ ಅಪ್ಪನ ಕಾಲದಿಂದ್ರಿ.
ನೀವು ಯಾವಾಗ ಬಂದ್ರಿ ಊರಿಗಿ?"

ನನ್ನ ಕೆಲಸವೆಂದರೆ ಆಕ್ಷೇಪಣೆ, ಕೆಂಪು ಶಾಯಿ.
ಯಾವ ಕಾಗದವೇ ಬರಲಿ
ಮೊದಲು ತಪ್ಪು ಕಾಣಿಸುತ್ತಿತ್ತು, ಆಮೇಲೆ ಅಕ್ಷರ.
ಮನೆಗೂ ಅದನ್ನೇ ತಂದೆ.
ಮಹಾನಂದಾ ಝಹೀರಾಬಾದ ಕಡೆಯವಳು,
ತೊಗರಿಬೇಳೆಗೆ ಹುಣಸೆ ಚಿಗುರು ಹಾಕುವವಳು.
ತಾಟು ಮುಟ್ಟುವ ಮುಂಚೆಯೇ
"ಹುಳಿ ಹೆಚ್ಚು" ಎಂದು ಷರಾ ಹಾಕುತ್ತಿದ್ದೆ.

ಈಗ ದಿನಾ ಹನ್ನೊಂದಕ್ಕೆ ಆ ಅಂಗಡಿಯ ಕಟ್ಟೆ.
ಅವನಿಗೆ ಕನ್ನಡ ಮಾತು ಬರುತ್ತದೆ, ಓದು ಬಾರದು.
ನನಗೆ ಉರ್ದು ಕೇಳಿದರೆ ತಿಳಿಯುತ್ತದೆ,
ಕಂಡರೆ ಇರುವೆ ಸಾಲು.
ಅವನ ಪೇಪರು ಅವನು ಓದುತ್ತಾನೆ, ನನ್ನದು ನಾನು,
ಇಬ್ಬರೂ ಗಟ್ಟಿಯಾಗಿ.
ಗೋಡೆ ತುಂಬ ಗಡಿಯಾರ;
ವೇಳೆ ಎಷ್ಟೆಂದು ಕೇಳಿದರೆ ಮಾತ್ರ
ಹೊರಗೆ ಬಂದು ಚೌಬಾರದ ನೆರಳು ನೋಡಿ ಹೇಳುತ್ತಾನೆ.

ಪೈಪು ಒಡೆದದ್ದು ನನ್ನದರಲ್ಲಿ ಒಳಪುಟ,
ಮೂರು ಸಾಲು: ನೀರು ಪೋಲು.
ಅವನದರಲ್ಲಿ ಮೊದಲ ಪುಟ,
ನಾಲ್ಕು ದಿನದಿಂದ ಕೊಡ ಹಿಡಿದು ನಿಂತ ಮುದುಕಿಯ ಹೆಸರು,
ವಯಸ್ಸು, ಓಣಿ.
"ಅತಿ ಆಯಿತು" ಎನ್ನಲು ಬಾಯಿ ತೆರೆದೆ.
ಚಹಾ ಬಂತು, ಕುಡಿದೆ.
ಮರುವಾರ ಭಾಲ್ಕಿ ರಸ್ತೆಯಲ್ಲಿ
ಬಸ್ಸಿಗೆ ಸಿಕ್ಕ ಹುಡುಗನ ಸುದ್ದಿ ನನ್ನದರಲ್ಲಿ ನಾಲ್ಕು ಕಾಲಂ.
ಅವನು ತನ್ನದರಲ್ಲಿ ಹುಡುಕಿದ, ಪುಟ ಮಗುಚಿ ಮತ್ತೆ ಹುಡುಕಿದ.
ಅವತ್ತು ಚಹಾದ ದುಡ್ಡು ಅವನೇ ಕೊಟ್ಟ.

ಆಮೇಲೆ ನಾನೇ ಕೇಳಿ ಅಕ್ಷರ ಕಲಿಯಕುಂತೆ,
ದಿನಕ್ಕೊಂದು, ಬಲದಿಂದ ಎಡಕ್ಕೆ,
ಹಳೇ ಕ್ಯಾಲೆಂಡರಿನ ಹಿಂಬದಿ, ಪೆನ್ಸಿಲ್ಲಿನಲ್ಲಿ.
ಮೂರು ಅಕ್ಷರ ಬರೆದು "ಓದ್ರಿ" ಎಂದ.
ಕ, ತ, ಬ. "ಕತಬ?"
"ಕುತುಬ್" ಎಂದು ನಕ್ಕ.
"ಮತ್ತ ಕೊಂಬು ಎಲ್ಲದ?"
"ಬರಿಯಂಗಿಲ್ರಿ ಅದು. ಓದೋರು ಹಾಕ್ಕೋಬೇಕು."

ನನಗೊಂದು ಕಡತ ನೆನಪಾಯಿತು.
ವಿಧವಾ ಪಿಂಚಣಿ.
ಒಂದು ಕಾಗದದಲ್ಲಿ ಕುತುಬ್‌ಬೀ,
ಇನ್ನೊಂದರಲ್ಲಿ ಕುತ್ಬಿ,
ಮತ್ತೊಂದರಲ್ಲಿ ಯಾವನೋ ಗುಮಾಸ್ತ ಬರೆದ ಕತಬಬೀ.
"ಹೆಸರಿನಲ್ಲಿ ವ್ಯತ್ಯಾಸ. ಹಿಂದಿರುಗಿಸಿದೆ."
ನಾಲ್ಕು ಸಲ.
ಐದನೇ ಸಲ ಆಕೆ ಬರಲಿಲ್ಲ.
ತಿಂಗಳ ಲೆಕ್ಕದಲ್ಲಿ ಅದನ್ನು ವಿಲೇವಾರಿ ಎಂದು ತೋರಿಸಿದೆ.

ಖಮರುದ್ದೀನನಿಗೆ ಇದನ್ನಿನ್ನೂ ಹೇಳಿಲ್ಲ.

ದೊಡ್ಡ ಬದಲಾವಣೆಯೇನೂ ಇಲ್ಲ.
ಈಗಲೂ ಲಗ್ನಪತ್ರಿಕೆ ಬಂದರೆ
ವರನಿಗಿಂತ ಮುಂಚೆ ಕಾಗುಣಿತ ನೋಡುತ್ತೇನೆ.
ಉಣ್ಣಲು ಕೂತರೆ ಮೂರು ತುತ್ತು ಆಗುವವರೆಗೆ ಮಾತಿಲ್ಲ,
ನನಗೆ ನಾನೇ ಹೊರಡಿಸಿಕೊಂಡ ಆದೇಶ.
ಮೊನ್ನೆ ಆರಾದರೂ ಸುಮ್ಮನಿದ್ದೆ.
ಮಹಾನಂದಾ ಹಣೆ ಮುಟ್ಟಿ ನೋಡಿದಳು:
"ಜ್ವರ ಬಂದಾವೇನ್ರಿ?"
ಇಲ್ಲ, ಇನ್ನೊಂದು ಸೌಟು ಹಾಕು ಎಂದೆ.
ಹುಳಿ ಹೆಚ್ಚೇ ಇತ್ತು.
ಎಷ್ಟು ಹೆಚ್ಚು ಎಂಬುದನ್ನು
ಇನ್ನೂ ಉಂಡು ನೋಡಬೇಕಿತ್ತು.