ಉಪ್ಪಿನ ಗೋದಾಮಿನಲ್ಲಿ ಕಣಿ

ಬಫಲೋ ಊರಿಗೆ ದೊಡ್ಡ ಲೀಗಿನ ತಂಡವಿಲ್ಲ.
ಅದಕ್ಕೇ ನಮಗೆ ಎಲ್ಲ ತಂಡಗಳ ಲೆಕ್ಕವೂ ಗೊತ್ತು,
ಮದುವೆಯಾಗದವನು ಊರವರ ಮದುವೆ ಖರ್ಚನ್ನೆಲ್ಲ
ಬಾಯಿಪಾಠ ಒಪ್ಪಿಸುವ ಹಾಗೆ.

ನವೆಂಬರಿನ ಮೊದಲ ವಾರ. ಹಿಮ ಇನ್ನೂ
ಸರೋವರದ ಆಚೆಯೇ ನಿಂತಿದೆ.
ಹಿಮ ಗೋರುವ ಲಾರಿಗಳಿಗೆ ಗ್ರೀಸು ಬಳಿದು
ರಸ್ತೆಗೆರಚುವ ಉಪ್ಪಿನ ಗುಡ್ಡದ ಬುಡದಲ್ಲಿ
ನಾವು ಎಂಟು ಜನ, ತಲೆಗೆ ಐದು ಡಾಲರ್,
ಕಾಫಿ ಡಬ್ಬಿಗೆ ಹಾಕಿ
ಲಕೋಟೆಯಲ್ಲಿ ಬರೆದಿಡುತ್ತೇವೆ:
ಯಾವ ತಂಡ, ಎಷ್ಟು ವರ್ಷ, ಎಷ್ಟು ಕೋಟಿ.
ಕೂಸು ಹುಟ್ಟುವ ಮುಂಚೆ ಕುಲಾವಿ,
ಅದೂ ಯಾರದೋ ಕೂಸಿಗೆ.

ಈ ವರ್ಷದ ಕೂಸು ಎವರಿಸ್ತೊ ಲಾಂತಿಗುವಾ.
ಎಡಗೈ ಪಿಚರ್. ಮೂವತ್ತೆರಡು ತುಂಬಿತು.
ಮೊಣಕೈಯೊಳಗೆ ಹೊಲಿಗೆಯ ಗುರುತು, ಜರಿ ಹರಿದಂತೆ.
ಹಳೆಯ ಕರಾರು ಮುಗಿದು ಈಗ ಸ್ವತಂತ್ರ.
ಸ್ವತಂತ್ರ ಅಂದರೆ
ಇನ್ನೊಬ್ಬರು ಕೊಳ್ಳುವವರೆಗಿನ ಹೆಸರು.

ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ ಎಂದ ಕ್ಯಾಸಿಮಿರ್,
ಆರು ವರ್ಷ ಬರೆದ.
ಹುಳಿಯ ಮಾತು ಬಿಡು, ಮೊಣಕೈ ಹೇಳು, ಎಂದ ಡೆಲ್ರಾಯ್,
ಮೂರು ಬರೆದ.
ನಾನು ಚೆಂಡಿನ ವೇಗ, ವಿಕೆಟ್ಟಿಲ್ಲದ ಆಟದ ನೂರೆಂಟು ಸರಾಸರಿ,
ಎಲ್ಲ ಗುಣಿಸಿ ಭಾಗಿಸಿ ಸಿಯಾಟಲ್ ಎಂದೆ,
ಐದು ವರ್ಷ, ಹನ್ನೊಂದು ಕೋಟಿ ಡಾಲರ್.
ಬಿಡಿಭಾಗದ ಕೌಂಟರಿನ ಲೊರೇನ್ ವೊಯ್ಚಿಕ್
ಯಾವ ಲೆಕ್ಕವನ್ನೂ ನೋಡಲಿಲ್ಲ. ಬರೆದು, ಅಂಟು ನೆಕ್ಕಿ, ಮುಚ್ಚಿದಳು.
ಮೂವತ್ತು ವರ್ಷ ಬೋಲ್ಟು ಮಾರಿದವಳು:
‘ದರ ಕೇಳುವವನು ಬೇರೆ, ಕೊಳ್ಳುವವನು ಬೇರೆ.
ಗಟ್ಟಿಯಾಗಿ ಕೇಳುವವನು
ಪಕ್ಕದವನಿಗೆ ಕೇಳಿಸಲಿ ಅಂತ ಕೇಳುತ್ತಾನೆ.’

ಡಿಸೆಂಬರ್ ಹನ್ನೊಂದರ ರಾತ್ರಿ ಸರೋವರ ಎದ್ದು ಬಂತು.
ಲಾರಿಯ ಎಡ ಸೀಟಿನಲ್ಲಿ ನಾನು, ಬಲದಲ್ಲಿ ಡೆಲ್ರಾಯ್,
ಅವನ ಕೈಯಲ್ಲಿ ಪಕ್ಕದ ಅಲಗಿನ ಸನ್ನೆ.
ಗೋರಿದಷ್ಟೂ ಹಿಂದೆ ಮತ್ತೆ ತುಂಬುವ ಸೆನೆಕಾ ಬೀದಿ.
ವೈರ್‌ಲೆಸ್ಸಿನಲ್ಲಿ ಕ್ಯಾಸಿಮಿರನ ಕೂಗು:
ಸಿಯಾಟಲ್ ಹನ್ನೊಂದು!
ನಾನು ಹಾರನ್ ಬಾರಿಸಿದೆ.
ಟೊರಾಂಟೊ ಹನ್ನೊಂದೂವರೆ.
ಟೆಕ್ಸಾಸಿನಿಂದ ಯಾರೋ ಹನ್ನೆರಡು, ಮೇಲೊಂದು ವರ್ಷ.
ಒಂದು ಸಾರಿ, ಎರಡು ಸಾರಿ...
ಮತ್ತೆ ಸಿಯಾಟಲ್, ಹದಿಮೂರು.
ಹೈಡ್ರಾಲಿಕ್ ಪೈಪು ಒಡೆದು ಬಿದ್ದ ಏಳನೇ ಲಾರಿಯವನೂ
ಸಹಾಯ ಕೇಳುವ ಮೊದಲು ಕೇಳಿದ್ದು:
ಈಗ ಎಷ್ಟಾಯಿತು?

ನಮ್ಮ ಕರಾರು ಮಾರ್ಚಿಗೆ ಮುಗಿಯುತ್ತದೆ.
ನಮ್ಮನ್ನು ಕೂಗುವವನು ಒಬ್ಬನೇ, ನಗರಸಭೆ,
ಅವನೂ ಪಿಸುಗುಟ್ಟುತ್ತಾನೆ.

ಬೆಳಗಿನ ಮೂರೂವರೆಗೆ ಸುದ್ದಿ:
ಕ್ಯಾನ್ಸಸ್ ಸಿಟಿ. ನಾಲ್ಕು ವರ್ಷ. ಒಂಬತ್ತು ಕೋಟಿ.
ಯಾರೂ ಮಾತಾಡಲಿಲ್ಲ. ವೈಪರ್ ಮಾತ್ರ
ಇಲ್ಲ, ಇಲ್ಲ, ಇಲ್ಲ ಎನ್ನುತ್ತಿತ್ತು.

ಗೋದಾಮಿನಲ್ಲಿ, ಒದ್ದೆ ಕೈಗವಸು ಒಣಗುವ ನಾತದಲ್ಲಿ,
ಲಕೋಟೆ ಒಡೆದೆವು. ಲೊರೇನಳ ಓರೆ ಅಕ್ಷರ:
ಕ್ಯಾನ್ಸಸ್ ಸಿಟಿ. ನಾಲ್ಕು. ಎಂಟೂ ಮುಕ್ಕಾಲು.
ಹೇಗೆ?
‘ಅವನ ಹಳೆಯ ಕ್ಯಾಚರ್ ಅಲ್ಲಿದ್ದಾನೆ.
ಇವನು ಮಣ್ಣಿಗೆ ಎಸೆದದ್ದನ್ನೂ ಆರು ವರ್ಷ
ಮಂಡಿಯೂರಿ ಎದೆಯಲ್ಲಿ ತಡೆದವನು.
ಅವನು ಹೋದ ಮೇಲೆ ಈ ಮನುಷ್ಯ
ತಗ್ಗಿನ ಚೆಂಡು ಎಸೆಯಲು ಹೆದರುತ್ತಿದ್ದ. ನೀವು ನೋಡಲಿಲ್ಲವಾ?’
ನಾವು ನೋಡಿರಲಿಲ್ಲ.
ನಾವು ಸರಾಸರಿ ನೋಡುತ್ತಿದ್ದೆವು.

ನಲವತ್ತು ಡಾಲರ್ ಎಣಿಸಿ ಅಂಗಿಯ ಜೇಬಿಗಿಟ್ಟು
ಏಳನೇ ಲಾರಿಗೆ ಪೈಪು ಹುಡುಕುತ್ತ, ನನ್ನತ್ತ ನೋಡದೆಯೇ ಅಂದಳು:
‘ವಿಮಾನ ನಿಲ್ದಾಣದವರು ಕರೆದಿದ್ದಾರಂತೆ ನಿನ್ನನ್ನು,
ಗಂಟೆಗೆ ಎರಡು ಡಾಲರ್ ಜಾಸ್ತಿ, ಒಂಟಿ ಸೀಟಿನ ಹೊಸ ಗಾಡಿ.
ನಿನ್ನದೂ ಒಂದು ಲಕೋಟೆ ಬರೆದಿಟ್ಟಿದ್ದೇನೆ.’

ಡ್ರಾಯರ್ ತೆಗೆಯಲಿಲ್ಲ. ನಾನೂ ಕೇಳಲಿಲ್ಲ.
ಹೊರಗೆ ಡೆಲ್ರಾಯ್, ಎರಡನೇ ಸಲ ಹಾರನ್.
ಥರ್ಮಾಸಿನಲ್ಲಿ ಇಬ್ಬರಿಗಾಗುವಷ್ಟು ಕಾಫಿ ಸುರಿದುಕೊಂಡೆ,
ಒಂದಕ್ಕೆ ಸಕ್ಕರೆಯಿಲ್ಲ ಎಂಬುದು ನೆನಪಾಗಿ
ಸಕ್ಕರೆ ಬೇರೆ ಕಟ್ಟಿಕೊಂಡೆ.