ಆರು ಪಾಯಿಂಟ್

ಎರಡು ಕಂಪನಿಯ ಎರಡು ಪುಸ್ತಿಕೆ
ಊಟದ ಮೇಜಿನ ಮೇಲೆ,
ಉಪ್ಪಿನಕಾಯಿ ಭರಣಿ ಆಚೆ ಸರಿಸಿ.
ಡೊಂಬಿವಲಿ ಪೂರ್ವ, ಮೂರನೇ ಮಾಳಿಗೆ, ಲಿಫ್ಟಿಲ್ಲ.

ಮುಖಪುಟದಲ್ಲಿ ಬಿಳಿಗೂದಲ ಗಂಡ ಹೆಂಡತಿ
ಸೈಕಲ್ ತುಳಿಯುತ್ತಿದ್ದಾರೆ.
ಇಷ್ಟು ಗಟ್ಟಿಯಿದ್ದವರಿಗೆ ವಿಮೆ ಯಾಕಂತೆ,
ಎಂದಳು ಗುಲಾಬಿ.
ಕೆಳಗೆ ದಪ್ಪಕ್ಷರದಲ್ಲಿ ‘ನಿಶ್ಚಿಂತ’,
ಅದರ ತಲೆಯ ಮೇಲೊಂದು ನಕ್ಷತ್ರ.
ನಕ್ಷತ್ರದ ಬೆನ್ನು ಹಿಡಿದು ಹೋದರೆ
ಕೊನೆಯ ಪುಟದ ಅಡಿಯಲ್ಲಿ
ಆರು ಪಾಯಿಂಟ್.

ಗಿರಗಾಂವ್ ಗಲ್ಲಿಯ ಪ್ರೆಸ್ಸಿನಲ್ಲಿ
ಮೂವತ್ತೊಂದು ವರ್ಷ ಅಕ್ಷರ ಜೋಡಿಸಿದವನು ನಾನು,
ಮೊದಲು ಮೊಳೆ, ಆಮೇಲೆ ಕಂಪ್ಯೂಟರು.
ಆರು ಪಾಯಿಂಟ್ ಯಾರು ಕೇಳುತ್ತಾರೆಂದು ಬಲ್ಲೆ.
ಮದುವೆಯವರು ಕೇಳಲಿಲ್ಲ,
ಹದಿಮೂರನೇ ದಿನದ ಕಾರ್ಡಿನವರೂ ಕೇಳಲಿಲ್ಲ.
ಲಾಟರಿಯವರು ಕೇಳಿದರು. ಚಿಟ್ ಫಂಡಿನವರು ಕೇಳಿದರು.
ಚಿಮಟದಲ್ಲಿ ಹೆಕ್ಕಿ, ಉಸಿರು ಬಿಗಿಹಿಡಿದು ಕೂರಿಸಿದ್ದೇನೆ
ಯಾರೂ ಓದಬಾರದ ಮಾತುಗಳನ್ನು.

ನಮ್ಮದು ಮೂರು ಲಕ್ಷದ ಪಾಲಿಸಿ.
ಮೂರು ಲಕ್ಷ! ಅಪ್ಪ ಕೇಳಿದ್ದರೆ ಬಾಯಿ ಮೇಲೆ ಕೈಯಿಡುತ್ತಿದ್ದ.
ಎದುರು ಫ್ಲ್ಯಾಟಿನ ಪೆಂಡ್ಸೆ
ನಾಲ್ಕು ರಾತ್ರಿ ಐಸಿಯುನಲ್ಲಿ ಮಲಗಿದರು,
ಐದನೇ ಬೆಳಗ್ಗೆ ಹೆಂಡತಿ ಬಳೆ ಬಿಚ್ಚಿದರು.
ಅಯ್ಯೋ, ಹಾಗಲ್ಲ, ಅವರು ಬದುಕಿದ್ದಾರೆ.
ಮಾರಲಿಕ್ಕೆ ಬಿಚ್ಚಿದ್ದು.

ಅದಕ್ಕೇ ಮೇಲೊಂದು ಪಾಲಿಸಿ ಬೇಕು.
ಟಾಪ್-ಅಪ್: ವರ್ಷಕ್ಕೆ ಒಂಬತ್ತು ಸಾವಿರ ಚಿಲ್ಲರೆ.
ಸೂಪರ್ ಟಾಪ್-ಅಪ್: ಹದಿನಾಲ್ಕು ಸಾವಿರದ ಆರುನೂರು.
ಒಂದೇ ಸಲದ ಬಿಲ್ಲು ಮೂರು ಲಕ್ಷ ದಾಟಿದರೆ ಮಾತ್ರ
ಮೊದಲನೆಯದು ಕಣ್ಣು ಬಿಡುತ್ತದೆ.
ಎರಡೆರಡು ಲಕ್ಷದ ಹಾಗೆ ಮೂರು ಸಲ ಮಲಗಿದರೆ
ನಮ್ಮ ಜೊತೆ ಅದೂ ಮಲಗಿರುತ್ತದೆ.
ಎರಡನೆಯದು ವರ್ಷದ್ದೆಲ್ಲ ಕೂಡಿಸಿಕೊಳ್ಳುತ್ತದೆ.

ಗುಲಾಬಿ ಬೀನ್ಸಿನ ನಾರು ತೆಗೆಯುತ್ತ ಯೋಚಿಸಿದಳು.
ಅಂದರೆ ಒಂಬತ್ತು ಸಾವಿರಕ್ಕೆ
ಕಾಯಿಲೆ ಒಮ್ಮೆಗೇ ಬಂದು ಹೋಗಬೇಕು,
ಮರ್ಯಾದಸ್ಥ ನೆಂಟನ ಹಾಗೆ.
ಹದಿನಾಲ್ಕಕ್ಕೆ ಕಂತಿನಲ್ಲಿ ಬರಬಹುದು.
ಈ ಮನೆಗೆ ಯಾವುದು ಕಂತಿಲ್ಲದೆ ಬಂದಿದೆ?

ಭೂತಗನ್ನಡಿ ಒತ್ತಿ ಓದಿದೆ.
ಮಂಡಿಗೆ ಎರಡು ವರ್ಷ ಕಾಯಬೇಕು.
ಕಣ್ಣಿನ ಪೊರೆಗೂ ಎರಡು.
ಈಗಾಗಲೇ ಇರುವ ಕಾಯಿಲೆಗೆ ಮೂರು.
ಅರವತ್ತೈದು ದಾಟಿ ಸೇರಿದವರು
ನೂರಕ್ಕೆ ಇಪ್ಪತ್ತು ಕೈಯಿಂದ ಹಾಕಬೇಕು.
ನನಗೆ ಅರವತ್ತೇಳು.
ಒಂದು ಅಚ್ಚುತಪ್ಪೂ ಸಿಕ್ಕಿತು, ‘ಹಾಸ್ಪಿಟಲ್’ನಲ್ಲಿ ಎಸ್ ಇಲ್ಲ.
ಕೆಂಪು ಪೆನ್ನಿಂದ ತಿದ್ದಿದೆ, ಕೈ ಕೇಳಲಿಲ್ಲ.
ಅಚ್ಚು ಹಾಕಿದವರೂ ಓದಿಲ್ಲ ಇದನ್ನು.

ಕೊನೆಗೆ ಹದಿನಾಲ್ಕರದ್ದೇ ಎಂದಾಯಿತು. ಫಾರ್ಮು.
ಪ್ರಶ್ನೆ ಹನ್ನೊಂದು: ಹಿಂದೆ ಯಾವುದಾದರೂ ದೀರ್ಘ ಚಿಕಿತ್ಸೆ?
ಅವಳ ಹೆಸರಿನ ಮುಂದೆ ‘ಇಲ್ಲ’ ಬರೆಯಹೊರಟೆ.
ಹೌದು ಅಂತ ಬರೆಯಿರಿ, ಎಂದಳು.

ಎಂಬತ್ತನಾಲ್ಕರ ಮಳೆಗಾಲ.
ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದೆನಲ್ಲ, ದಿನಾ ಮಧ್ಯಾಹ್ನ?
ಕ್ಲಾಸಿಗಲ್ಲ. ಶಿವಡಿಗೆ. ಕ್ಷಯದ ಆಸ್ಪತ್ರೆಗೆ.
ತೊಂಬತ್ತು ಇಂಜೆಕ್ಷನ್.
ನಿಮ್ಮ ಅಮ್ಮನಿಗೆ ಗೊತ್ತಾಗಿದ್ದರೆ
ನನ್ನನ್ನು ಮರುದಿನವೇ ಮೂಲ್ಕಿಯ ಬಸ್ಸು ಹತ್ತಿಸುತ್ತಿದ್ದರು.

ನಲವತ್ತು ವರ್ಷ ನಾನು ನಗಾಡಿದ್ದೇನೆ,
ಬಂದವರೆದುರೆಲ್ಲ:
ಇಡೀ ಮಳೆಗಾಲ ಕಲಿತರೂ ಇವಳಿಗೆ
ಒಂದು ರವಿಕೆ ಹೊಲಿಯಲು ಬಾರದು ಎಂದು.

ಏಜೆಂಟ್ ಹುಡುಗಿ ಪ್ರಾಜಕ್ತಾ ಫೋನಿನಲ್ಲಿ ಹೇಳಿದಳು,
ಬಿಡಿ ಕಾಕಾ, ಅಷ್ಟು ಹಳೆಯದು, ಬರೆಯದಿದ್ದರೂ ನಡೆಯುತ್ತದೆ.
ನಡೆಯುವುದಿಲ್ಲ. ಓದಿದ್ದೇನೆ.
‘ಮುಚ್ಚಿಟ್ಟದ್ದು ಕಂಡುಬಂದಲ್ಲಿ.’

ಒಂದೂವರೆ ಅಂಗುಲದ ಜಾಗ ಕೊಟ್ಟಿದ್ದಾರೆ ಉತ್ತರಕ್ಕೆ.
ಸಣ್ಣಕ್ಷರದಲ್ಲಿ ಶುರುಮಾಡಿದೆ.
ದೊಡ್ಡದಾಗಿ ಬರೆಯಿರಿ, ಎಂದಳು.
ಬರೆದೆ. ಅಂಚು ದಾಟಿ ಮುಂದಿನ ಪ್ರಶ್ನೆಯ ಮೇಲೂ ಹೋಯಿತು.

ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ:
ತಿಂಗಳಿಗೆ ಹದಿನೈದು ರೂಪಾಯಿ
ಹೊಲಿಗೆ ಫೀಸು ಅಂತ ಕೊಡುತ್ತಿದ್ದೆನಲ್ಲ?

ಮೊಟ್ಟೆ ತಿಂದೆ,
ಎಂದಳು.