ಮಡಿಸಿದ ಬೆರಳು

ತುಂಬಿದಾಗ ಹೊರಡುತ್ತದೆ, ಅಂದ.
ಎಷ್ಟು ಹೊತ್ತಿಗೆ ತುಂಬುತ್ತದೆ, ಅಂದೆ.
ಜನ ಬಂದಾಗ.
ಅಂತಾನನರಿವೊ ನಿಲ್ದಾಣದ ಕೆಂಪು ಕೆಸರಲ್ಲಿ
ಹದಿನೈದು ಸೀಟಿನ ವ್ಯಾನು, ನಾವಿನ್ನೂ ಒಂಬತ್ತು.
ಟಾಪಿನ ಮೇಲೆ ಎರಡು ಹಾಸಿಗೆ, ಒಂದು ಹೊಲಿಗೆ ಯಂತ್ರ,
ಬುಟ್ಟಿಯಿಂದ ಕತ್ತು ಚಾಚಿ ಊರು ನೋಡುವ ಬಾತುಕೋಳಿ.
ಹೊತ್ತು ಹೋಗದೆ ನಕಾಶೆ ಬಿಡಿಸಿದೆ:
ಇಲ್ಲಿ, ಆಮೇಲೆ ಇಲ್ಲಿ, ಆಮೇಲೆ ಇಲ್ಲಿ,
ನೆಟ್ಟಗೆ ಬೆರಳಿಟ್ಟು ತೋರಿಸಿದೆ.
ಪಕ್ಕದ ಹೆಂಗಸು ನೋಡಿದಳು,
ನಕಾಶೆಯನ್ನಲ್ಲ, ಬೆರಳನ್ನು.

ನಾಲ್ಕು ಗಂಟೆ ಕಳೆದು
ಇಪ್ಪತ್ತೆರಡು ಜನವಾಗಿ ಹೊರಟೆವು.
ಯಾರದೋ ಮಗು ನನ್ನ ತೊಡೆಯ ಮೇಲೆ ನಿದ್ದೆಹೋಯಿತು.
ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ದಾರಿಬದಿಯ ಊಟ: ಅನ್ನದ ಗುಡ್ಡ,
ಗುಡ್ಡದ ಬುಡದಲ್ಲಿ ಅವರೆಕಾಳಿನಷ್ಟು ಮಾಂಸ.
ಕುಡಿಯಲು ಹಬೆಯಾಡುವ ಕಂದು ನೀರು,
ಅನ್ನ ಬೆಂದ ಪಾತ್ರೆಗೇ ಹೊಯ್ದು ಕುದಿಸಿದ್ದು.
ತಳ ಹಿಡಿಸಿದೆ ಎಂದು ಬೈಸಿಕೊಂಡು ಬೆಳೆದವಳು ನಾನು;
ಇಲ್ಲಿ ತಳ ಹಿಡಿಸುವುದೂ ಒಂದು ಅಡುಗೆ.
ಎರಡು ಲೋಟ ಕುಡಿದೆ.

ಕಡಲಿಗಿಳಿಯುವ ರೈಲಿಗೆ ವೇಳಾಪಟ್ಟಿ ಇದೆ,
ರೈಲಿಗೆ ಅದು ಗೊತ್ತಿಲ್ಲ.
ಒಂದು ಸ್ಟೇಷನ್ನಿನಲ್ಲಿ ಸಿಗಡಿ, ಇನ್ನೊಂದರಲ್ಲಿ ಬರೀ ಬಾಳೆ,
ರಾತ್ರಿ ಎರಡಕ್ಕೆ, ಹೆಸರೇ ಓದಲಾಗದ ಊರಲ್ಲಿ,
ದಾಲ್ಚಿನ್ನಿ ತೊಗಟೆ ಹಿಡಿದು ಕಿಟಕಿ ತಟ್ಟುವ ಹುಡುಗಿಯರು:
ವಜಾಹಾ! ವಜಾಹಾ!
ಪರದೇಶಿ ಅಂತ ಅರ್ಥವಂತೆ.
ನಮ್ಮಲ್ಲಿ ಆ ಮಾತಿಗೆ ದಿಕ್ಕಿಲ್ಲದವಳು ಅಂತಲೂ ಅರ್ಥ.
ಆ ಕತ್ತಲಲ್ಲಿ ಎರಡೂ ಸರಿಯೇ.

ಸಂಬಾವಾದ ಸುವಾಜಾರ
ಹಸಿ ವೆನಿಲ್ಲಾ ಕೋಡಿನ ಮೇಲೆ ಸೂಜಿಯಿಂದ
ತನ್ನ ಅಕ್ಷರ ಚುಚ್ಚಿಟ್ಟಿದ್ದಾಳೆ, ಕಳ್ಳರಿಗೆ ಗೊತ್ತಾಗಲಿ ಎಂದು.
ಕೋಡು ಬಲಿತಂತೆ ಅಕ್ಷರವೂ ಬಲಿಯುತ್ತದೆ.
ನಾನು ಮೂಸಿ ಮೂಸಿ ಕಣ್ಮುಚ್ಚಿದರೆ
ಅವಳು ಮೂಗು ಮುಚ್ಚಿಕೊಂಡಳು:
ಥೂ, ತಲೆನೋವು.

ಸಿರಿಬಿಹಿನಾ ಹೊಳೆ. ಆ ಸಿರಿ ನಮ್ಮ ಸಿರಿಯಲ್ಲ,
ಮುಳುಗು ಹಾಕಬಾರದ್ದು ಅಂತ ಅದರ ಹೆಸರಂತೆ, ಮೊಸಳೆಗಳಿವೆ.
ತುಂಬುಜಾಫಿಯ ದೋಣಿ, ಒಂದೇ ಬೊಡ್ಡೆ ಕೊರೆದದ್ದು.
ಮಾತಾಡಬೇಕೆಂದು ಅವನತ್ತ ತಿರುಗಿ ಕೂತೆ, ಹೊಳೆಗೆ ಬೆನ್ನು.
ನನ್ನದು ಹರುಕು ಫ್ರೆಂಚು, ಅವನದು ಮುರುಕು.
ಮುಂದೆ ನಾಳೆ ಏನೇನಿದೆ? ಅಂದೆ.
ನಾಳೆ ಮುಂದಿಲ್ಲ, ಹಿಂದಿದೆ.
ನಿನ್ನೆ ಕಂಡಾಗಿದೆ, ಅದಕ್ಕೇ ಅದು ಕಣ್ಣ ಮುಂದೆ.
ಕಾಣದ್ದು ಬೆನ್ನ ಕಡೆಯಿಂದ ಬರುತ್ತದೆ.
ನಮ್ಮಲ್ಲಿ ಮುಂದಿನ ವಾರ ಮುಂದೆಯೇ ಇರುತ್ತದಪ್ಪ
ಎನ್ನಹೋಗಿ ಫ್ರೆಂಚು ಸಾಲಲಿಲ್ಲ.
ಕೂತದ್ದಂತೂ ಅವನ ಭಾಷೆಯಲ್ಲೇ:
ದಾಟಿದ ದಂಡೆಗಳು ಎದುರಲ್ಲಿ ಸಣ್ಣಗಾಗುತ್ತ,
ಬರುವ ಮರಳದಿಣ್ಣೆ, ಮಳೆ, ಮೊಸಳೆ ಎಲ್ಲ
ಬೆನ್ನಿಗೇ ಗೊತ್ತು.

ದಂಡೆಯ ದಿಬ್ಬದಲ್ಲಿ ಗೋರಿಗಳು ಹಾದುಬಂದವು.
ಓ ಅಲ್ಲಿ! ಬೆರಳು ಚಾಚಿದೆ.
ಅವನು ಹುಟ್ಟು ನಿಲ್ಲಿಸಿದ.
ದೋಣಿ ತನ್ನಷ್ಟಕ್ಕೆ ಅಡ್ಡ ತಿರುಗಿತು.
ನನ್ನ ಬೆರಳು ಹಿಡಿದು,
ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ,
ಗಿಣ್ಣಿನಲ್ಲಿ ಮಡಿಸಿದ.
ತೋರಿಸುವುದಾದರೆ ಹೀಗೆ.
ಮಲಗಿದ್ದಾರೆ, ಚುಚ್ಚಬಾರದು.

ಬಾವೊಬಾಬ್ ಮರಗಳ ಸಾಲನ್ನೂ ನೋಡಿದೆ,
ಇಳಿಬಿಸಿಲಲ್ಲಿ, ಎಲ್ಲರ ಹಾಗೆ.
ಫೋಟೋದಲ್ಲಿದ್ದಂತೆಯೇ ಇದ್ದವು.

ಹೊರಡುವ ದಿನ ವಿಮಾನದ ಕೌಂಟರಿನಲ್ಲಿ
ವುಲಾತಿಯಾನ ಎಂದು ಎದೆಪಟ್ಟಿಯಿದ್ದ ಹುಡುಗಿ
ಸುಮ್ಮನೆ ಕೇಳಿದಳು, ಎಲ್ಲೆಲ್ಲಿಗೆ ಹೋಗಿದ್ದಿರಿ?
ಮಡಿಕೆಗಳಲ್ಲೇ ಹರಿದು ನಾಲ್ಕು ತುಂಡಾದ ನಕಾಶೆಯನ್ನು
ಅವಳ ಮುಂದೆ ಜೋಡಿಸಿದೆ.
ಇಲ್ಲಿ. ಆಮೇಲೆ ಇಲ್ಲಿ.
ಅವಳು ನೋಡಿದಳು, ನಕಾಶೆಯನ್ನಲ್ಲ,
ಹೊಳೆಯ ಗೆರೆ ಮೇಲಿದ್ದ ನನ್ನ ಗಿಣ್ಣನ್ನು.
ಬ್ಯಾಗು ಎರಡು ಕಿಲೋ ಜಾಸ್ತಿ ಇದೆ, ಅಂದಳು,
ಆಮೇಲೆ ಚೀಟಿ ಅಂಟಿಸಿ ಒಳಗೆ ಬಿಟ್ಟಳು.